ಪ್ರಾಗ್‌ನ ಗಡಿಯಾರ ನೋಡೋಕೆ ಬಿಡಿ!

ಚೆಕ್ ದೇಶದ ರಾಜಧಾನಿ ಪ್ರಾಗ್‌ನ ಖಗೋಳ ಗಡಿಯಾರ 1410ರದ್ದು. ಗಂಟೆಗೊಮ್ಮೆ ಅಸ್ಥಿಪಂಜರದ ಬೊಂಬೆ ಗಂಟೆ ಬಾರಿಸುತ್ತದೆ, ಮೇಲಿನ ಎರಡು ಕಿಟಕಿಗಳಲ್ಲಿ ಹನ್ನೆರಡು ಅಪೊಸ್ತಲರ (ಯೇಸುವಿನ ಶಿಷ್ಯರ) ಬೊಂಬೆಗಳು ಒಂದೊಂದಾಗಿ ಸಾಗುತ್ತವೆ, ಕೊನೆಗೆ ಹುಂಜ ಕೂಗುತ್ತದೆ. ಎಲ್ಲ ಸೇರಿ ಒಂದು ನಿಮಿಷದಷ್ಟು ಹೊತ್ತು. ಆ ಒಂದು ನಿಮಿಷ ಮುಂದೆ ಸಾವಿರ ಮೊಬೈಲ್ ಮೇಲೆದ್ದರೆ ಹಿಂದಿನವರು ಏನು ನೋಡಬೇಕು? ಇವತ್ತಂತೂ ಒಬ್ಬರು ಟ್ಯಾಬ್ಲೆಟ್ಟನ್ನೇ ಎತ್ತಿ ಹಿಡಿದರು, ಇಡೀ ಗಡಿಯಾರವೇ ಮಾಯ! ಸೆಲ್ಫಿ ಕೋಲು, ಗೈಡ್‌ಗಳ ಛತ್ರಿ, ಹೆಗಲ ಮೇಲಿನ ಮಕ್ಕಳು ಬೇರೆ. ಇನ್ನು ಕೆಲವರು ಗಡಿಯಾರಕ್ಕೆ ಬೆನ್ನು ತಿರುಗಿಸಿ ತಮ್ಮ ಮುಖವನ್ನೇ ರೆಕಾರ್ಡ್ ಮಾಡಿಕೊಳ್ಳುತ್ತಾರೆ, ಅದಕ್ಕೆ ಇಲ್ಲಿವರೆಗೆ ಬರಬೇಕಿತ್ತಾ? ಸೂರ್ಯ, ಚಂದ್ರ, ರಾಶಿಗಳನ್ನು ತೋರಿಸುತ್ತಾ ಆರು ಶತಮಾನ ದಾಟಿದ ಯಂತ್ರ ಅದು. ಅದನ್ನು ಕಣ್ಣಾರೆ ನೋಡೋಕೆ ಯಾರಿಗೂ ಪುರುಸೊತ್ತಿಲ್ಲವಾ? ಹುಂಜ ಕೂಗಿದ್ದೇ ತಡ, ಎಲ್ಲರೂ ಚಾರ್ಲ್ಸ್ ಸೇತುವೆ ಕಡೆ ಓಡುತ್ತಾರೆ. ಅಲ್ಲೂ ಇದೇ ಗೋಳು.