ಡಯಾಲಿಸಿಸ್ ತುರ್ತು ಅಲ್ಲವಂತೆ

ಮೊನ್ನೆ ಭಾನುವಾರ ಮಂಗಳೂರಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಕೂತಿದ್ದೆವು, ಸಾರು ಬಡಿಸಿ ಆಗಿತ್ತು. ಪಕ್ಕದಲ್ಲಿದ್ದವರು ಮೊಬೈಲಿನಲ್ಲಿ ಕೇರಳದ ನಿಫಾ ಸುದ್ದಿ ನೋಡುತ್ತಾ, "ಇನ್ನೂ ಎಂತ ಕಾಯ್ತಾ ಇದ್ದಾರೆ ಮಾರಾಯ್ರೇ? ಸೀದಾ ತಲಪಾಡಿ ಬಂದ್ ಮಾಡ್ಬೇಕು, 2020ರಲ್ಲಿ ಮಾಡಿದ ಹಾಗೆ" ಅಂದರು. ತಲಪಾಡಿ ಅಂದರೆ ಮಂಗಳೂರು–ಕಾಸರಗೋಡು ಹೆದ್ದಾರಿಯಲ್ಲಿ ಕೇರಳದ ಗಡಿ. ನಾನು ಅದರ ಆಚೆ, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯವ ಅಂತ ಅವರಿಗೆ ಗೊತ್ತು. ಅಕ್ಕನ ಗಂಡನ ಕಡೆಯವರು, ಹಿರಿಯರು. ನನ್ನ ಮುಖ ನೋಡಿ, "ನಿಮ್ಮನ್ನು ಹೇಳಿದ್ದಲ್ಲ ಭಾವಾ, ನೀವು ನಮ್ಮವರೇ ಅಲ್ವಾ" ಅಂತ ಸೇರಿಸಿದರು.

ಮದುವೆ ಮನೆ ಅಂತ ಬಾಯಿ ಮುಚ್ಚಿಕೊಂಡು ಉಂಡು ಬಂದೆ. ಇಲ್ಲಿ ಮುಚ್ಚಿಕೊಳ್ಳುವುದಿಲ್ಲ.

2020ರಲ್ಲಿ ಮಾಡಿದ ಹಾಗೆ ಅಂದರೆ ಹೇಗೆ ಅಂತ ನಿಮಗೆ ಗೊತ್ತುಂಟಾ? ನಾನು ಹೇಳುತ್ತೇನೆ. ನನ್ನ ಅಪ್ಪನಿಗೆ 2019ರಿಂದ ಡಯಾಲಿಸಿಸ್. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ. ಮನೆಯಿಂದ ಮಂಗಳೂರಿನ ಆಸ್ಪತ್ರೆಗೆ ಇಪ್ಪತ್ತೆರಡು ಕಿಲೋಮೀಟರ್. ಬೆಳಗ್ಗೆ ಐದೂವರೆಗೆ ಪಕ್ಕದ ಮನೆಯವರ ಓಮ್ನಿಯಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸ್. ನಮಗೆ ಕೈಗೆಟಕುವ ದೊಡ್ಡಾಸ್ಪತ್ರೆ ಅಂದರೆ ಮಂಗಳೂರೇ. ನನ್ನ ಅಜ್ಜನ ಕಾಲದಲ್ಲೂ ಅದೇ, ಈಗಲೂ ಅದೇ. ಹೆರಿಗೆ, ಹಾರ್ಟು, ಮೂಳೆ ಮುರಿತ, ಹಾವು ಕಚ್ಚಿದ್ದು, ಯಾವುದಕ್ಕೂ ನಮ್ಮ ಕಡೆಯವರು ದಕ್ಷಿಣಕ್ಕೆ ಮುಖ ಮಾಡಿದ್ದಿಲ್ಲ. ರಾಜ್ಯದ ಗೆರೆ 1956ರಲ್ಲಿ ಬಂತು. ಆಸ್ಪತ್ರೆಯ ದಾರಿ ಅದಕ್ಕಿಂತ ಹಳೆಯದು.

2020ರ ಮಾರ್ಚ್ ಮೂರನೇ ವಾರ ಕಳೆಯುತ್ತಿದ್ದ ಹಾಗೆ, ಕೊರೊನಾ ಅಂತ ಕರ್ನಾಟಕ ಗಡಿ ಮುಚ್ಚಿತು. ಹೆದ್ದಾರಿಯಲ್ಲಿ ಬ್ಯಾರಿಕೇಡ್ ಇಟ್ಟದ್ದು ಒಂದು ಕಡೆ. ಒಳರಸ್ತೆಗಳಲ್ಲಿ ಲಾರಿಗಟ್ಟಲೆ ಕೆಂಪು ಮಣ್ಣು ತಂದು ಸುರಿದರು. ನಮ್ಮ ಮನೆಯಿಂದ ಆಚೆ ಬದಿಗೆ ಹೋಗುವ ಸಣ್ಣ ಡಾಂಬರು ರಸ್ತೆಯಲ್ಲಿ ಎದೆಮಟ್ಟದ ಮಣ್ಣಿನ ರಾಶಿ. ಆ ಮಣ್ಣಿನ ಆಚೆ ನನ್ನ ಚಿಕ್ಕಮ್ಮನ ಮನೆ. ನಮ್ಮಲ್ಲಿ ಮನೆ ಕೇರಳದಲ್ಲಿದ್ದು ತೋಟ ಕರ್ನಾಟಕದಲ್ಲಿರುವವರು ಇದ್ದಾರೆ. ಅವರು ತಮ್ಮ ಅಡಿಕೆಗೆ ನೀರು ಬಿಡಲು ಕಳ್ಳರ ಹಾಗೆ ಗುಡ್ಡ ಹತ್ತಿ ಇಳಿದರು.

ಆ ಮಂಗಳವಾರ ಅಪ್ಪನನ್ನು ಕರೆದುಕೊಂಡು ಹೋದೆವು. ಆಸ್ಪತ್ರೆಯ ಕಾರ್ಡು, ಹಿಂದಿನ ಆರು ತಿಂಗಳ ಫೈಲು, ಡಾಕ್ಟರರ ಪತ್ರ ಎಲ್ಲ ಇತ್ತು. ಬಿಡಲಿಲ್ಲ. ಜ್ವರ ಇಲ್ಲ, ಕೆಮ್ಮು ಇಲ್ಲ, ನೋಡಿ ಅಂದೆ. "ಆರ್ಡರ್ ಇಲ್ಲ" ಅಂದರು. ಅಪ್ಪ ಓಮ್ನಿಯ ಒಳಗಿಂದ ಫಿಸ್ತೂಲದ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿದ, ಎಡಗೈ ಎತ್ತಿ ತೋರಿಸಿದರು. ಆ ಕೈ ನನಗೆ ಈಗಲೂ ಕಾಣುತ್ತದೆ. ಜೀವನದಲ್ಲಿ ಯಾರ ಮುಂದೆಯೂ ಕೈ ಚಾಚದ ಮನುಷ್ಯ.

ಶುಕ್ರವಾರವೂ ತಪ್ಪಿತು. ಎರಡು ಡಯಾಲಿಸಿಸ್ ತಪ್ಪಿದರೆ ಏನಾಗುತ್ತದೆ ಅಂತ ಟಿವಿ ಚರ್ಚೆಯಲ್ಲಿ ಬೊಬ್ಬೆ ಹೊಡೆಯುವವರಿಗೆ ಗೊತ್ತಿಲ್ಲ. ನೀರು ಮೈಯಲ್ಲೇ ಉಳಿಯುತ್ತದೆ. ಮೊದಲು ಪಾದ, ಆಮೇಲೆ ಮೊಣಕಾಲಿನ ತನಕ ಬಾವು. ಬೆರಳಿನಿಂದ ಒತ್ತಿದರೆ ಗುಂಡಿ ಬಿದ್ದು ಹಾಗೇ ನಿಲ್ಲುತ್ತದೆ. ಅಂಗಾತ ಮಲಗಿದರೆ ಉಸಿರು ಸಿಗುವುದಿಲ್ಲ, ರಾತ್ರಿ ಇಡೀ ಕೂತೇ ಇರಬೇಕು. ಮಾರ್ಚ್ ತಿಂಗಳ ಸೆಕೆಯಲ್ಲಿ ಅಮ್ಮ ಅಪ್ಪನಿಗೆ ಸ್ಟೀಲ್ ಲೋಟದಲ್ಲಿ ಅಳೆದು ಅಳೆದು ನೀರು ಕೊಟ್ಟರು, ದಿನಕ್ಕೆ ಎರಡೇ ಲೋಟ. ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲಬಹುದು ಅಂತ ಬಾಳೆಹಣ್ಣು ಇಲ್ಲ. ಅಂಗಳದ ತುಂಬ ತೆಂಗಿನಮರ, ಆದರೆ ಒಂದು ಗುಟುಕು ಎಳನೀರು ಇಲ್ಲ. ಕೊನೆಗೆ ಯಾರ್ಯಾರದೋ ಕೈಕಾಲು ಹಿಡಿದು ಕಣ್ಣೂರಿನ ಕಡೆ ಒಂದು ಜಾಗ ಸಿಕ್ಕಿತು. ನೂರು ಕಿಲೋಮೀಟರಿಗೂ ಹೆಚ್ಚು ದೂರ, ಲಾಕ್‌ಡೌನ್, ದಾರಿಯುದ್ದಕ್ಕೂ ತಪಾಸಣೆ. ಅಪ್ಪ ಬದುಕಿದರು.

ಎಲ್ಲರೂ ಬದುಕಲಿಲ್ಲ. ತಲಪಾಡಿಯಿಂದ ವಾಪಸ್ ಕಳಿಸಿದ ಆಂಬುಲೆನ್ಸ್‌ಗಳಲ್ಲಿ, ವಾಪಸ್ ಬಂದ ಮನೆಗಳಲ್ಲಿ ಜನ ಸತ್ತರು. ಒಬ್ಬಿಬ್ಬರಲ್ಲ. ದಿನ ಬೆಳಗಾದರೆ ಪತ್ರಿಕೆಯಲ್ಲಿ ಇನ್ನೊಂದು ಹೆಸರು. ಬಿಹಾರದಿಂದ ದುಡಿಯಲು ಬಂದಿದ್ದ ಒಬ್ಬ ಗರ್ಭಿಣಿಯನ್ನು ತಿರುಗಿಸಿ ಕಳಿಸಿದರು, ಆಕೆ ಆಂಬುಲೆನ್ಸಿನೊಳಗೇ ಹೆತ್ತಳು. ಇನ್ನೊಂದು ಲೆಕ್ಕವನ್ನೂ ಕೇಳಿ. ಆ ಮೊದಲ ಅಲೆಯಲ್ಲಿ ಕಾಸರಗೋಡು ಜಿಲ್ಲೆಯಲ್ಲಿ 170ಕ್ಕೂ ಹೆಚ್ಚು ಜನರಿಗೆ ಕೊರೊನಾ ಬಂತು. ದೇಶದ ಹಾಟ್‌ಸ್ಪಾಟ್ ಅಂತ ಟಿವಿಯಲ್ಲಿ ನಮ್ಮ ಜಿಲ್ಲೆಯ ಹೆಸರು ಹೇಳಿ ಹೇಳಿ ಹೆದರಿಸಿದರು. ಮೇ ತಿಂಗಳ ಹೊತ್ತಿಗೆ ಅಷ್ಟೂ ಜನ ಗುಣವಾಗಿ ಮನೆಗೆ ಹೋದರು, ಒಬ್ಬರೂ ಸಾಯಲಿಲ್ಲ. ಆ ದಿನಗಳಲ್ಲಿ ನಮ್ಮ ಜಿಲ್ಲೆಯಲ್ಲಿ ರೋಗದಿಂದ ಸತ್ತವರು ಸೊನ್ನೆ. ರಸ್ತೆ ಮುಚ್ಚಿದ್ದರಿಂದ ಸತ್ತವರ ಮನೆಗಳು ಇವತ್ತಿಗೂ ಇವೆ, ಬೇಕಾದರೆ ಬನ್ನಿ, ತೋರಿಸುತ್ತೇನೆ.

"ಆಗ ಪರಿಸ್ಥಿತಿ ಹಾಗಿತ್ತು, ಯಾರಿಗೂ ಏನೂ ಗೊತ್ತಿರಲಿಲ್ಲ" ಅನ್ನುತ್ತಾರೆ. ಹೆದರಿಕೆ ನನಗೂ ಇತ್ತು. ಹೊಸ ರೋಗ, ಮದ್ದಿಲ್ಲ, ಲಸಿಕೆ ಇಲ್ಲ. ತಪಾಸಣೆ ಮಾಡಿ, ಟೆಂಪರೇಚರ್ ನೋಡಿ, ರೋಗಿಯ ಜೊತೆ ಒಬ್ಬರನ್ನೇ ಬಿಡಿ, ಆಸ್ಪತ್ರೆಯಲ್ಲಿ ಬೇರೆ ವಾರ್ಡಿನಲ್ಲಿ ಇಡಿ. ಇದನ್ನೆಲ್ಲ ನಾವು ಬೇಡ ಅಂದದ್ದೇ ಇಲ್ಲ. ಆದರೆ ಗೊತ್ತಿದ್ದ ಸಂಗತಿಯೂ ಇತ್ತಲ್ಲ! ದಕ್ಷಿಣ ಕನ್ನಡದ ಮೊದಲ ಸೋಂಕು ಮಾರ್ಚ್ 22ಕ್ಕೆ ಪತ್ತೆಯಾಯಿತು. ಅದು ಬಂದದ್ದು ದುಬೈಯಿಂದ, ಮಂಗಳೂರು ವಿಮಾನ ನಿಲ್ದಾಣದ ಮೂಲಕ. ನನ್ನ ಅಪ್ಪನ ಓಮ್ನಿಯಲ್ಲಿ ಅಲ್ಲ. ಮತ್ತೆ ಗಡಿ ಮುಚ್ಚಿ ಕೂತ ಮಂಗಳೂರಿಗೆ ಕೊರೊನಾ ಬರಲಿಲ್ಲವಾ? ಅದೇ ಜುಲೈಯಲ್ಲಿ ಅಲ್ಲಿ ಏನಾಯಿತು ಅಂತ ಅಲ್ಲಿಯವರಿಗೆ ನಾನು ನೆನಪಿಸಬೇಕಾ?

ಅಷ್ಟಕ್ಕೂ, ದಾರಿ ಬಿಡಲು ಮನಸ್ಸಿದ್ದಲ್ಲಿ ಬಿಟ್ಟರು. ಸರಕಿನ ಲಾರಿಗಳಿಗೆ ಗುಂಡ್ಲುಪೇಟೆ–ಮುತ್ತಂಗದ ದಾರಿ ಬಿಟ್ಟರು, ಗಡಿಯ ಬಾವಲಿ ಅನ್ನುವ ಊರಿನ ದಾರಿ ಬಿಟ್ಟರು. ತರಕಾರಿಗೆ ದಾರಿ ಸಿಕ್ಕಿತು, ರೋಗಿಗಳಿಗಾಗಿ ಕೋರ್ಟಿಗೆ ಹೋಗಬೇಕಾಯಿತು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ರಾಷ್ಟ್ರೀಯ ಹೆದ್ದಾರಿಯ ತಡೆ ತೆಗೆಸಿ ಅಂತ ಕೇಂದ್ರಕ್ಕೆ ಹೇಳಿತು. ಕರ್ನಾಟಕ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ರೋಗಿಗಳಿಗೆ ದಾರಿ ಬಿಡುವುದಿಲ್ಲ ಅಂತ ದೆಹಲಿ ತನಕ ಹೋಗಿ ವಾದ ಮಾಡಲು ಒಂದು ಸರ್ಕಾರಕ್ಕೆ ಪುರುಸೊತ್ತು ಇತ್ತು! ಏಪ್ರಿಲ್ 7ಕ್ಕೆ, ತುರ್ತು ಚಿಕಿತ್ಸೆಗೆ ಹೋಗುವವರನ್ನು ತಲಪಾಡಿಯಲ್ಲಿ ಬಿಡುವ ಬಗ್ಗೆ ಒಪ್ಪಂದ ಆಗಿದೆ ಅಂತ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ತಿಳಿಸಿತು, ಕೇಸು ಮುಗಿಯಿತು. ಮಾರ್ಚಿನಲ್ಲಿ ಅರ್ಧ ದಿನ ಕೂತು ಮಾತಾಡಿದ್ದರೆ ಆಗುತ್ತಿದ್ದ ಕೆಲಸ. ಆ ಎರಡು ವಾರಗಳಲ್ಲಿ ಹೋದ ಜೀವಗಳಿಗೆ ಯಾರೂ ಉತ್ತರ ಕೊಟ್ಟಿಲ್ಲ, ಕ್ಷಮೆ ಕೇಳಿಲ್ಲ.

ಆ ಒಪ್ಪಂದದಲ್ಲಿದ್ದ "ತುರ್ತು" ಅನ್ನುವ ಪದ ಆಮೇಲೆ ನಮ್ಮನ್ನು ಎಷ್ಟು ಗೋಳು ಹೊಯ್ದುಕೊಂಡಿತು ಅಂದರೆ, ಇವತ್ತಿಗೂ ಆ ಪದ ಕೇಳಿದರೆ ನನ್ನ ಮೈ ಉರಿಯುತ್ತದೆ. 2021ರ ಫೆಬ್ರವರಿಯಲ್ಲಿ ಮತ್ತೆ ಶುರುವಾಯಿತು. ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಬೇಕು ಅಂದರು. ಆಗಸ್ಟಿನಲ್ಲಂತೂ ಎರಡು ಡೋಸ್ ಲಸಿಕೆ ಹಾಕಿಸಿಕೊಂಡವರಿಗೂ ವರದಿ ಬೇಕಾಯಿತು. ಹಾಗಾದರೆ ಆ ಲಸಿಕೆ ಯಾಕೆ ಹಾಕಿಸಿಕೊಂಡದ್ದು ನಾವು? ಅಂತರರಾಜ್ಯ ಓಡಾಟಕ್ಕೆ ತಡೆ ಇರಬಾರದು, ಪ್ರತ್ಯೇಕ ಅನುಮತಿ ಬೇಕಿಲ್ಲ ಅಂತ ಕೇಂದ್ರವೇ 2020ರ ಜುಲೈ ಕೊನೆಗೆ ಹೊರಡಿಸಿದ ಅನ್‌ಲಾಕ್ ಮಾರ್ಗಸೂಚಿಯಲ್ಲಿ ಬರೆದಿತ್ತು. ಅದನ್ನು ಪ್ರಿಂಟ್ ತೆಗೆದು ಅಪ್ಪನ ಫೈಲಿನಲ್ಲಿ ಇಟ್ಟುಕೊಂಡಿದ್ದೆ. ಗೇಟಿನಲ್ಲಿ ನಿಂತವರು ಅದನ್ನು ಓದಲೂ ಇಲ್ಲ.

ಮಂಗಳವಾರ ಮತ್ತು ಶುಕ್ರವಾರ ಹೋಗುವವರಿಗೆ 72 ಗಂಟೆ ಅಂದರೆ ಏನು ಅಂತ ಲೆಕ್ಕ ಹಾಕಿ. ಮಂಗಳವಾರಕ್ಕೆ ಮಾಡಿಸಿದ ವರದಿ ಶುಕ್ರವಾರಕ್ಕೆ ಮುಗಿದಿರುತ್ತದೆ. ಅಂದರೆ ವಾರಕ್ಕೆ ಎರಡು ಸಲ ಎಪ್ಪತ್ತು ದಾಟಿದ ಮುದುಕರ ಮೂಗಿಗೆ ಕಡ್ಡಿ. ವರದಿ ಬರಲು ಒಂದು ದಿನ, ಕೆಲವು ಸಲ ಎರಡು. ಬರುವಷ್ಟರಲ್ಲಿ ಅರ್ಧ ಅವಧಿ ಮುಗಿದಿರುತ್ತಿತ್ತು. ತುರ್ತು ಚಿಕಿತ್ಸೆಗೆ ವಿನಾಯಿತಿ ಉಂಟು ಅಂತ ಆದೇಶದಲ್ಲೇ ಇತ್ತು. ಅದನ್ನು ತೋರಿಸಿದರೆ ಗೇಟಿನಲ್ಲಿದ್ದ ಒಬ್ಬರು ನನಗೆ ಹೇಳಿದ್ದು ಇದು: "ಡಯಾಲಿಸಿಸ್ ಎಮರ್ಜೆನ್ಸಿ ಹೇಗಾಗ್ತದೆ? ನೀವು ಡೇಟ್ ತಗೊಂಡೇ ಬರೋದಲ್ವಾ?"

ಡೇಟ್ ತಗೊಂಡು ಬರುತ್ತೇವೆ, ಹೌದು. ಆ ಡೇಟಿಗೆ ಹೋಗದಿದ್ದರೆ ಸಾಯುತ್ತಾರೆ. ಇದನ್ನು ರಸ್ತೆಯಲ್ಲಿ ನಿಂತು ಒಬ್ಬ ಮನುಷ್ಯನಿಗೆ ಎಷ್ಟು ಸಲ ವಿವರಿಸಬೇಕು? ಒಂದು ದಿನ ಬಿಡುವವರು ಇರುತ್ತಿದ್ದರು, ಮಾರನೇ ಸಲ ಬಿಡದವರು. ಅವರ ಡ್ಯೂಟಿ ಬದಲಾದ ಹಾಗೆ ನನ್ನ ಅಪ್ಪನ ಆಯುಷ್ಯದ ಲೆಕ್ಕ ಬದಲಾಗುತ್ತಿತ್ತು. ಆ ಬಿಸಿಲಿನಲ್ಲಿ ನಿಂತ ಪೊಲೀಸರ ಮೇಲೂ ನನಗೆ ಅಷ್ಟು ಸಿಟ್ಟಿಲ್ಲ. ಯಾವ ಕಾಯಿಲೆಗೆ ಯಾರನ್ನು ಬಿಡಬೇಕು ಅಂತ ಒಂದು ಪುಟದಲ್ಲಿ ಬರೆದು ಅವರ ಕೈಗೆ ಕೊಡದೆ, ಜೀವ ಉಳಿಸುವ ತೀರ್ಮಾನವನ್ನು ಗೇಟು ಕಾಯುವವರ ತಲೆಗೆ ಕಟ್ಟಿದವರ ಮೇಲೆ ಸಿಟ್ಟು.

ಇತ್ತ ಕೇರಳದವರನ್ನೂ ನಾನು ಬಿಡುವುದಿಲ್ಲ. ಆಗ ದಿನಾ ಸಂಜೆ ಟಿವಿಯಲ್ಲಿ ಕರ್ನಾಟಕವನ್ನು ಬೈದರಲ್ಲ, ಸರಿ, ಬೈಯಲಿ. ಆದರೆ ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. 2020ರ ಮಾರ್ಚಿನಲ್ಲಿ ಅಲ್ಲಿ ಒಬ್ಬ ರೋಗಿಯನ್ನು ಮಲಗಿಸುವ ವ್ಯವಸ್ಥೆ ಇರಲಿಲ್ಲ. ಏಪ್ರಿಲ್‌ನಲ್ಲಿ ಗಡಿಬಿಡಿಯಿಂದ ಅದನ್ನು ಕೋವಿಡ್ ಆಸ್ಪತ್ರೆ ಮಾಡಿದರು. ಏಳು ವರ್ಷ ಎಲ್ಲಿದ್ದಿರಿ? ಜಿಲ್ಲೆ ಆಗಿ ಆಗಲೇ 36 ವರ್ಷ, 1984ರಿಂದ. ಹೃದಯಕ್ಕೆ, ಮಿದುಳಿಗೆ ಬೇಕಾದ ಆಸ್ಪತ್ರೆ ಜಿಲ್ಲೆಯೊಳಗೇ ಇದ್ದಿದ್ದರೆ ತಲಪಾಡಿಯಲ್ಲಿ ಯಾಕೆ ಬೇಡಬೇಕಿತ್ತು? ಅನಂತರ ಅವರೂ ಪಾಸು ಅಂದರು, ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವರನ್ನು ಅವರೂ ತಡೆದರು. ಅಂಗಡಿ ಕೆಲಸಕ್ಕೆ ಹೋಗುತ್ತಿದ್ದ ನಮ್ಮೂರಿನ ಎಷ್ಟೋ ಹೆಣ್ಣುಮಕ್ಕಳ ನೌಕರಿ ಆಗಲೇ ಹೋಯಿತು, ಮತ್ತೆ ಸಿಗಲಿಲ್ಲ.

ಆದರೂ ಹೆಚ್ಚು ನೋಯುವುದು ಮದುವೆ ಮನೆಯ ಆ ಮಾತು. ನೀವು ನಮ್ಮವರೇ ಅಲ್ವಾ. ಹೌದು, ನಾವು ಕನ್ನಡದವರು. ಗೋವಿಂದ ಪೈಗಳ ಮಂಜೇಶ್ವರದವರು. ಮನೆಯಲ್ಲಿ ಕನ್ನಡ ಪತ್ರಿಕೆ, ಮಕ್ಕಳಿಗೆ ಕನ್ನಡ ಶಾಲೆ, ಆ ಶಾಲೆಗೆ ಕನ್ನಡ ಬರುವ ಮೇಷ್ಟ್ರು ಬೇಕು ಅಂತ ಇವತ್ತಿಗೂ ಧರಣಿ ಕೂರುವವರು. ಗಡಿ ವಿವಾದದ ಮಹಾಜನ್ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಬರೆದದ್ದನ್ನು ಪ್ರತಿ ನವೆಂಬರಿನಲ್ಲಿ ವೇದಿಕೆಯ ಮೇಲೆ ನೆನಪು ಮಾಡುತ್ತೀರಿ, ಕಾಸರಗೋಡು ನಮ್ಮದು ಅನ್ನುತ್ತೀರಿ, ಕೈ ತಟ್ಟುತ್ತೀರಿ. ನಾವೂ ಕಣ್ಣು ಒದ್ದೆ ಮಾಡಿಕೊಂಡು ಕೈ ತಟ್ಟಿದ್ದೇವೆ. ನಮ್ಮದು ಅಂದ ಮಣ್ಣಿನ ಮೇಲಿರುವ ಜನಕ್ಕೆ ಜ್ವರ ಬಂದ ದಿನ ಅದೇ ಬಾಯಿಯಲ್ಲಿ "ಕೇರಳದವರು" ಅಂದಿರಿ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಶುರುವಾದಾಗ ಎರಡೂ ರಾಜ್ಯದವರನ್ನು ಸೇರಿಸಿಕೊಂಡೇ ಶುರುವಾಯಿತು. ಅಡಿಕೆಗೆ ಗೆರೆ ಬೇಡ ಅಂತ ಆವತ್ತೇ ತಿಳಿದಿತ್ತು ನಮ್ಮ ಹಿರಿಯರಿಗೆ.

ಇನ್ನು ನಿಫಾ. 2018ರಲ್ಲಿ ಕೋಯಿಕ್ಕೋಡ್ ಕಡೆ 17 ಜನ ಸತ್ತರು. 2023ರಲ್ಲಿ ಮತ್ತೆ ಅಲ್ಲೇ ಆರು ಜನರಿಗೆ ಬಂದು ಇಬ್ಬರು ತೀರಿಕೊಂಡರು. ಕೋಯಿಕ್ಕೋಡಿನಿಂದ ನಮ್ಮಲ್ಲಿಗೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಇದು ಬಾವಲಿಯಿಂದ ಬರುವ ರೋಗ, ಮನುಷ್ಯರಿಂದ ಮನುಷ್ಯರಿಗೆ ಹರಡುವುದು ಹೆಚ್ಚಾಗಿ ರೋಗಿಯನ್ನು ಹತ್ತಿರದಿಂದ ನೋಡಿಕೊಂಡವರಿಗೆ, ಆಸ್ಪತ್ರೆಯೊಳಗೆ. ಪ್ರತಿ ಸಲವೂ ಅದನ್ನು ತಡೆದದ್ದು ರೋಗಿಯ ಸಂಪರ್ಕಕ್ಕೆ ಬಂದವರನ್ನು ಒಬ್ಬೊಬ್ಬರಾಗಿ ಹುಡುಕಿ, ಅವರನ್ನು ಪ್ರತ್ಯೇಕ ಇರಿಸಿ, 2023ರಲ್ಲಿ ಸೋಂಕು ಕಂಡ ಪಂಚಾಯಿತಿ ವಾರ್ಡುಗಳನ್ನು ಬಂದ್ ಮಾಡಿ. ರಾಜ್ಯದ ಗಡಿಗೆ ಮಣ್ಣು ಸುರಿದು ಅಲ್ಲ. 2023ರಲ್ಲಿ ಕರ್ನಾಟಕವೂ ಗಡಿ ಜಿಲ್ಲೆಗಳಲ್ಲಿ ಜ್ವರ ತಪಾಸಣೆ ಇಟ್ಟು, ಸೋಂಕು ಇರುವ ಜಾಗಗಳಿಗೆ ಅನಗತ್ಯವಾಗಿ ಹೋಗಬೇಡಿ ಅಂತ ಸುತ್ತೋಲೆ ಹೊರಡಿಸಿತು, ಅಷ್ಟೇ. ಸರಿಯಾದ ಕೆಲಸ. ಹಾಗೆ ಮಾಡಲು ಬರುತ್ತದೆ ಅಂತಾಯಿತಲ್ಲ.

ಹಾಗಿದ್ದೂ ಪ್ರತಿ ಸಲ ಸುದ್ದಿ ಬಂದ ಕೂಡಲೇ "ಬಂದ್ ಮಾಡಿ" ಅನ್ನುತ್ತೀರಿ. ನಮಗೆ ಬೇಕಾದದ್ದು ದೊಡ್ಡದೇನಲ್ಲ. ಮುಂದಿನ ಸಲ ಏನೇ ರೋಗ ಬರಲಿ, ಡಯಾಲಿಸಿಸ್, ಕೀಮೋ, ಹೆರಿಗೆ, ಹೃದಯದವರಿಗೆ ದಾರಿ ಇದ್ದೇ ಇರುತ್ತದೆ ಅಂತ ಎರಡೂ ಜಿಲ್ಲೆಯ ಅಧಿಕಾರಿಗಳು ಈಗಲೇ, ರೋಗ ಇಲ್ಲದ ಹೊತ್ತಿನಲ್ಲಿ, ಕೂತು ಬರೆದು ಸಹಿ ಹಾಕಲಿ. ವಾರವಾರ ಹೋಗುವ ರೋಗಿಗಳ ಪಟ್ಟಿ ಆಸ್ಪತ್ರೆಗಳಲ್ಲೇ ಉಂಟು. ಅದನ್ನು ಚೆಕ್‌ಪೋಸ್ಟಿಗೆ ಕೊಡಲಿ.

ಮದುವೆಯಿಂದ ಬಂದ ರಾತ್ರಿ ಅಪ್ಪ ಟಿವಿಯಲ್ಲಿ ನಿಫಾ ಸುದ್ದಿ ನೋಡುತ್ತಿದ್ದರು. ರೋಗದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಮಂಗಳವಾರ ತಲಪಾಡಿಯಲ್ಲಿ ಬಿಡ್ತಾರಾ ಅಂತ ಈಗಲೇ ಕೇಳಿಡು" ಅಂದರು. ಸೋಮವಾರ ಬೆಳಗ್ಗೆ ಎರಡು ಕಡೆಯ ಕಚೇರಿಗಳಿಗೂ ಫೋನ್ ಮಾಡಿದೆ. ಒಂದು ಕಡೆ ಎತ್ತಲಿಲ್ಲ. ಇನ್ನೊಂದು ಕಡೆ ಎತ್ತಿದವರು, "ಈಗ ಹಾಗೆ ಏನೂ ಆರ್ಡರ್ ಬಂದಿಲ್ಲ, ಬಂದ್ರೆ ಪೇಪರಿನಲ್ಲಿ ಬರ್ತದೆ" ಅಂತ ಹೇಳಿ ಇಟ್ಟರು. ಅಮ್ಮ ಅಷ್ಟರಲ್ಲಿ ಆ ಸ್ಟೀಲ್ ಲೋಟ ತೊಳೆದು ಅಪ್ಪನ ಮಂಚದ ಪಕ್ಕ ತಂದಿಟ್ಟಿದ್ದರು.