ನೂರಕ್ಕೆ ನೂರಹತ್ತು ಮತ

ಕೇರಳದ ಗಡಿಯಲ್ಲಿರುವ, ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಚುನಾವಣೆ ಬಂತೆಂದರೆ ಮತದಾರರಿಗಿಂತ ಮತಗಳೇ ಜಾಸ್ತಿ. ಬೂತಿನ ಲೆಕ್ಕ ಹಿಡಿದು ಕೂತವರನ್ನು ಕೇಳಿ ನೋಡಿ: "ತುಳು ಮಾತಾಡುವವರು ನೂರಕ್ಕೆ ಅರವತ್ತು, ಕನ್ನಡ ಶಾಲೆಯಲ್ಲಿ ಓದಿದವರು ಐವತ್ತು. ಎರಡೂ ನಮ್ಮವೇ ಮಾರಾಯ್ರೆ!" ಕೂಡಿಸಿದರೆ ನೂರಹತ್ತು. ಎದುರಾಳಿ ಠೇವಣಿ ಕಳಕೊಂಡರೆ ಸಾಲದು, ಕೈಯಿಂದ ಹತ್ತು ಮತ ಕೊಟ್ಟು ಹೋಗಬೇಕು.

ಬೂತಿನಲ್ಲಿ 1000 ಮತದಾರರು ಎಂದಿಟ್ಟುಕೊಳ್ಳಿ. ತುಳುವಿನ ಪಟ್ಟಿಯಲ್ಲಿ 600, ಕನ್ನಡದ್ದರಲ್ಲಿ 500. ತುಳು ಮನೆಯ ಮಕ್ಕಳು ಕನ್ನಡ ಶಾಲೆಗೆ ಹೋಗುವ ಊರಿದು. 350 ಜನ ಎರಡರಲ್ಲೂ ಇದ್ದಾರೆ. ಪಟ್ಟಿಗೆ ಅವರು ಎರಡು ಸಲ ಬಂದರೂ ಶಾಯಿ ಬೀಳುವುದು ಒಂದೇ ಬೆರಳಿಗೆ. ಹಾಗಾಗಿ 600 + 500 − 350 = 750. ಕಣ್ಣುಮುಚ್ಚಿ ಒಬ್ಬರನ್ನು ಆರಿಸಿದರೆ ಅವರು ಯಾವುದಾದರೂ ಒಂದು ಪಟ್ಟಿಯಲ್ಲಾದರೂ ಇರುವ ಸಂಭವನೀಯತೆ 0.75. ತಾಳೆ ನೋಡಬೇಕೆ? ಎರಡರಲ್ಲೂ ಇಲ್ಲದವರು 250 ಇರಬೇಕು.

ಸ್ವಲ್ಪ ಓದಿದ ಲೆಕ್ಕಿಗರದ್ದು ಇನ್ನೊಂದು ಕಥೆ. ಕೆಲವರು 350ನ್ನು ಎರಡು ಸಲ ಕಳೆದು 400 ಎನ್ನುತ್ತಾರೆ. ಅದು ಒಂದೇ ಪಟ್ಟಿಯಲ್ಲಿರುವವರ ಸಂಖ್ಯೆ. ಎರಡೂ ಬಲ್ಲವರಿಗೆ ಮತದಾನದ ಹಕ್ಕೇ ಹೋಯಿತು! ಇನ್ನು ಕೆಲವರು ಎರಡೂ ಇರುವವರನ್ನು ಎಣಿಸುವುದೇ ಇಲ್ಲ, 0.6ನ್ನು 0.5ರಿಂದ ಗುಣಿಸಿ 300 ಎಂದು ಬರೆದು, 800 ಮತ ಖಚಿತ ಎನ್ನುತ್ತಾರೆ. ಗುಣಾಕಾರ ನಡೆಯುವುದು ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದಾಗ ಮಾತ್ರ. ಇಲ್ಲಿ ಬೂತಿಗೆ 50 ಮತ ಹೆಚ್ಚಾಯಿತು, ಎರಡು ಬೂತಿಗೆ 100. 2016ರ ವಿಧಾನಸಭಾ ಚುನಾವಣೆಯಲ್ಲಿ ಈ ಕ್ಷೇತ್ರದ ಗೆಲುವಿನ ಅಂತರ 89.

ಎರಡರಲ್ಲೂ ಇರುವವರೆಷ್ಟು ಎಂದು ಗೊತ್ತೇ ಇಲ್ಲದಿದ್ದರೆ ಪ್ರಾಮಾಣಿಕ ಉತ್ತರ "600ಕ್ಕೆ ಕಡಿಮೆಯಿಲ್ಲ, 1000ಕ್ಕೆ ಮೇಲಿಲ್ಲ." ಹೀಗೆ ವರದಿ ಕೊಟ್ಟವನಿಗೆ ಮುಂದಿನ ಸಲ ಬ್ಯಾನರ್ ಕಟ್ಟುವ ಕೆಲಸವೂ ಸಿಕ್ಕಲಿಕ್ಕಿಲ್ಲ.

ವೇದಿಕೆ ಹತ್ತಿದ ನಾಯಕರಿಗಂತೂ ಎರಡು ಭಾಷೆ ಸಾಲದು, ಇದು ಸಪ್ತಭಾಷಾ ಸಂಗಮಭೂಮಿ. ಏಳು ಪಟ್ಟಿಗಳನ್ನು ಕೂಡಿಸಬೇಕು, 21 ಜೋಡಿಗಳನ್ನು ಕಳೆಯಬೇಕು. ಮೂರರಲ್ಲಿ ಇರುವವರು ಮೂರು ಸಲ ಸೇರಿ ಮೂರು ಸಲ ಹೊರಗೆ ಹೋಗಿರುತ್ತಾರೆ, ಅಂಥ 35 ಗುಂಪುಗಳನ್ನು ವಾಪಸು ಕರೆಯಬೇಕು. ಹೀಗೇ ಕೂಡಿ ಕಳೆಯಬೇಕಾದ ಸಂಖ್ಯೆಗಳು ಒಟ್ಟು 127. ಹತ್ತಿರದ ದಾರಿಯೂ ಇದೆ: ಏಳರಲ್ಲಿ ಒಂದಕ್ಕೂ ಸೇರದವರನ್ನು ಎಣಿಸಿ ಒಟ್ಟಿನಿಂದ ಕಳೆದರಾಯಿತು. ಆದರೆ ಅದಕ್ಕೆ ಮನೆಮನೆ ಹತ್ತಬೇಕು. ಹತ್ತಿದರೆ, ಕಳೆದ ಸಲ ಹೇಳಿದ ಕಾಲುಸಂಕ ಎಲ್ಲಿ ಎಂದು ಏಳೂ ಭಾಷೆಯಲ್ಲಿ ಕೇಳುತ್ತಾರೆ.