ಸ್ಪಷ್ಟನೆ: ಎಮೆಟ್ ಟಿಲ್‌ ಚಿತ್ರ ಅಚ್ಚಾದದ್ದು ‘ಎಬನಿ’ಯಲ್ಲಲ್ಲ, ‘ಜೆಟ್‌’ನಲ್ಲಿ

1955ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಬಿಳಿಯರಿಂದ ಕೊಲೆಯಾದ 14 ವರ್ಷದ ಕಪ್ಪುವರ್ಣೀಯ ಬಾಲಕ ಎಮೆಟ್ ಟಿಲ್‌ನ ಜಜ್ಜಿಹೋದ ಮುಖದ ಚಿತ್ರವನ್ನು ‘ಎಬನಿ’ ಮಾಸಪತ್ರಿಕೆ ಪ್ರಕಟಿಸಿತು, 2019ರಲ್ಲಿ ಆ ಪತ್ರಿಕೆ ಶಾಶ್ವತವಾಗಿ ಮುಚ್ಚಿತು ಎಂಬ ಬರಹವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ಚಿತ್ರ ಅಚ್ಚಾದದ್ದು ‘ಜೆಟ್’ ಎಂಬ ಪುಟ್ಟ ಆಕಾರದ ವಾರಪತ್ರಿಕೆಯಲ್ಲಿ, ಆ ವರ್ಷದ ಸೆಪ್ಟೆಂಬರ್ 15ರ ಸಂಚಿಕೆಯಲ್ಲಿ. ಮಗನಿಗಾದದ್ದನ್ನು ಜಗತ್ತು ನೋಡಲೇಬೇಕೆಂದು ಶವಪೆಟ್ಟಿಗೆಯನ್ನು ತೆರೆದೇ ಇಡಿಸಿದವರು ತಾಯಿ ಮೇಮಿ ಟಿಲ್. ಆ ಧೈರ್ಯಕ್ಕೆ ಜೊತೆ ನಿಂತ ಪತ್ರಿಕೆಯ ಹೆಸರನ್ನಾದರೂ ನಾವು ಸರಿಯಾಗಿ ಹೇಳಬೇಡವೇ?

ಗೊಂದಲ ಸಹಜವೇ. ಎರಡೂ ಪತ್ರಿಕೆಗಳು ಶಿಕಾಗೋದ ಜಾನ್ ಎಚ್. ಜಾನ್ಸನ್ ಅವರವು. ತಾಯಿಯ ಮನೆಯ ಪೀಠೋಪಕರಣಗಳನ್ನು ಅಡವಿಟ್ಟು ಪಡೆದ 500 ಡಾಲರ್ ಸಾಲದಿಂದ ಅವರು 1942ರಲ್ಲಿ ಪ್ರಕಾಶನ ಆರಂಭಿಸಿದರು. 1945ರ ನವೆಂಬರ್‌ನಲ್ಲಿ ‘ಎಬನಿ’ ಬಂತು. ಕಪ್ಪುವರ್ಣೀಯ ವೈದ್ಯರು, ವಕೀಲರು, ಉದ್ಯಮಿಗಳು, ಕಲಾವಿದರು ಹೇಗೆ ಬದುಕುತ್ತಾರೆ, ಏನು ಉಡುತ್ತಾರೆ, ಏನು ಸಾಧಿಸಿದ್ದಾರೆ ಎಂಬುದನ್ನು ಅದು ದೊಡ್ಡ ಚಿತ್ರಗಳಲ್ಲಿ ತೋರಿಸಿತು. ಬಿಳಿಯರ ಪತ್ರಿಕೆಗಳಲ್ಲಿ ಆ ಬದುಕಿಗೆ ಜಾಗವೇ ಇರಲಿಲ್ಲ ಎನ್ನಬೇಕು. ‘ಜೆಟ್’ ಬಂದದ್ದು 1951ರಲ್ಲಿ.

ಇನ್ನು 2019ರ ಮಾತು. ದಿವಾಳಿ ಅರ್ಜಿ ಸಲ್ಲಿಸಿದ್ದು ಜಾನ್ಸನ್ ಪ್ರಕಾಶನ ಸಂಸ್ಥೆ. ‘ಎಬನಿ’ಯನ್ನು ಅದು 2016ರಲ್ಲೇ ಮಾರಿತ್ತು. ಮುದ್ರಣ ನಿಂತದ್ದು ನಿಜ, ಆದರೆ ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ ಯುಲಿಸಿಸ್ ಬ್ರಿಡ್ಜ್‌ಮನ್ ಪತ್ರಿಕೆಯನ್ನು ಕೊಂಡ ಬಳಿಕ 2021ರಲ್ಲಿ ಅದು ಡಿಜಿಟಲ್ ರೂಪದಲ್ಲಿ ಮರಳಿತು. ಪ್ರಕಾಶನದ ಅಮೂಲ್ಯ ಛಾಯಾಚಿತ್ರ ಸಂಗ್ರಹವನ್ನು ನಾಲ್ಕು ದತ್ತಿ ಸಂಸ್ಥೆಗಳು 2019ರಲ್ಲಿ 3 ಕೋಟಿ ಡಾಲರ್ ಕೊಟ್ಟು ಕೊಂಡು ಉಳಿಸಿದವು.